ಮರುನುಡಿ

"ಇಳಿಸ್ತೀನಿ!" ಅಣ್ಣ ಮೇಲಿನಿಂದ ಕೂಗಿದ.

ತಂಗಿ ಉತ್ತರಿಸಲಿಲ್ಲ. ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ ಮಂಡಿಯೂರಿದ್ದಳು. ಅವಳ ಬೆರಳುಗಳು ಇನ್ನೂ ಉಕ್ಕಿನ ಹಗ್ಗಕ್ಕೂ ಗಾಲಿಗೂ ನಡುವೆ ಇದ್ದವು. ಮೇಲಿನವನು ಹೇಳಿದ್ದನ್ನು ಕೆಳಗಿನವಳು ಮರುನುಡಿಯದೆ ಅವನು ಲಿಫ್ಟಿನ ಸ್ವಿಚ್ ಮುಟ್ಟುವಂತಿಲ್ಲ. ಇಬ್ಬರೂ ಲಿಫ್ಟ್ ರಿಪೇರಿ ಕೆಲಸ ಕಲಿತದ್ದೇ ಹಾಗೆ.

"ಕಿವಿಗೆ ಹತ್ತಿ ಇಟ್ಕೊಂಡಿದ್ದೀಯಾ?"

"ಕೈ ಒಳಗಿದೆ ಅಣ್ಣ, ತಡಿ."

"ಬೇಗ ಮುಗಿಸು. ಅಲ್ಲಿ ಎಲ್ಲಾ ಬಂದು ಕೂತಿದ್ದಾರೆ."

ಅಲ್ಲಿ ಎಂದರೆ ಪ್ರಾರ್ಥನಾ ಮನೆ. ಅಲ್ಲಿ ಸಭೆ ನಡೆಸುವ ಹಿರಿಯನ ಕುರ್ಚಿ ಅಪ್ಪನದು. ಹಾಸಿಗೆ ಹಿಡಿದಿದ್ದ ಅಪ್ಪನನ್ನು ಇಂದು ಅಲ್ಲಿಗೆ ಹೊತ್ತು ತಂದಿದ್ದರು, ಕುರ್ಚಿಯನ್ನು ಅವರು ಮಗಳಿಗೆ ಬಿಡುವವರಿದ್ದರು. ಕೂರುವವರು ಎಲ್ಲರೆದುರು "ದೇವರನ್ನು ಕಂಡೆ" ಎನ್ನಬೇಕು, ಅಷ್ಟೇ.

ಹಿಂದಿನ ವಾರ ಕರೆಂಟು ಹೋಗಿ ಇದೇ ಲಿಫ್ಟಿನ ಕತ್ತಲಲ್ಲಿ ಸಿಕ್ಕಿಬಿದ್ದಾಗ ಅವಳಿಗೆ ಏನೋ ಆಗಿತ್ತು. ಹೆದರಿಕೆ ಇದ್ದಕ್ಕಿದ್ದಂತೆ ನಿಂತಿತ್ತು, ಹೆದರಬೇಕಾದ 'ನಾನು' ಎಂಬವಳೇ ಅಲ್ಲಿರಲಿಲ್ಲ. ಅಣ್ಣನಿಗೆ ಇಷ್ಟು ಹೇಳುವಷ್ಟರಲ್ಲೇ ಅದರಲ್ಲಿ ಅರ್ಧ ಆವಿಯಾಗಿತ್ತು. ಅವನು ಅಪ್ಪನ ಬಳಿ ಓಡಿ "ತಂಗಿ ಕಂಡಳು" ಅಂದಿದ್ದ. ಅಪ್ಪ ಅತ್ತಿದ್ದರು.

"ನಾನು ಕಂಡೆ ಅಂತ ನಿಂಗೆ ಹೇಳಿದ್ನಾ?"

"ಮತ್ತೇನು, ಲಿಫ್ಟ್ ರಿಪೇರಿ ಮಾಡಿದ್ಲು ಅಂತ ಅಪ್ಪಂಗೆ ಹೇಳ್ಬೇಕಿತ್ತಾ? ಒಂದು ಮಾತು ತಾನೇ? ಆಡಿದ್ರೆ ನಾಲಿಗೆ ಸವೆಯುತ್ತಾ?"

"ಆಗ್ಲೇ ನೀನು 'ಇಳಿಸ್ತೀನಿ' ಅಂದಿದ್ದೂ ಒಂದು ಮಾತೇ. ನಾನೂ ಸುಮ್ನೆ ತಿರುಗಿ ಅಂದಿದ್ದಿದ್ರೆ ನನ್ನ ಬೆರಳು ಹೋಗ್ತಿತ್ತು."

ಅಣ್ಣ ಮೇಲಿನ ಕಿಂಡಿಯಿಂದ ಬಗ್ಗಿ ನೋಡಿದ. "ಹಾಗಾದ್ರೆ ಏನೂ ಆಗ್ಲೇ ಇಲ್ವಾ?"

"ಆಯ್ತು."

"ದೇವರಲ್ವಾ ಅದು?"

"ಅಲ್ಲಿ ಆ ಪದ ಇರ್ಲಿಲ್ಲ ಅಣ್ಣ. ಯಾವ ಪದಾನೂ ಇರ್ಲಿಲ್ಲ. ಈಗ ಒಂದನ್ನ ತಂದು ಅಂಟಿಸಿದ್ರೆ ಆಮೇಲೆ ನಂಗೆ ನೆನಪಿರೋದು ಅದೊಂದೇ."

ಕಿಂಡಿಯಿಂದ ಅವನ ಕೈ ಕೆಳಗೆ ಬಂತು. ಕೈಯಲ್ಲಿ ಫೋನು ಹೊಳೆಯುತ್ತಿತ್ತು.

"ಇದನ್ನ ಅಪ್ಪಂಗೇ ಹೇಳು. ಲೈನಲ್ಲಿದ್ದಾರೆ."

ಅವಳು ಇನ್ನೊಂದು ಕೈಯಿಂದ ಫೋನನ್ನು ಕಿವಿಗಿಟ್ಟಳು. ಮೊದಲು ಅಪ್ಪನ ಉಸಿರು ಕೇಳಿಸಿತು, ಎಳೆದು ಎಳೆದು ಬರುವ ಉಸಿರು. ಅದರ ಹಿಂದೆ ಜನ ಕೆಮ್ಮುವ, ಬೆಂಚು ಜರುಗಿಸುವ ಸದ್ದು.

"ಪುಟ್ಟೀ, ನಾನು ಹೇಳ್ತೀನಿ, ನೀನು ನನ್ನ ಹಿಂದೆ ಹೇಳು. ಸಾಕು. ಕುರ್ಚಿ ನಿಂದೇ. ಎಲ್ರೂ ಕೇಳಿಸ್ಕೊಳ್ತಿದ್ದಾರೆ. ಕಂಡೆ... ಹೇಳಮ್ಮ."

ತಂಗಿ ಹಗ್ಗದಿಂದ ಕೈ ಹೊರಗೆಳೆದಳು. ಅಂಗೈಯೆಲ್ಲ ಗ್ರೀಸು. ಬಾಯಿ ತೆರೆದಳು, ಅಪ್ಪನ ಉಸಿರು ಕಾಯುತ್ತಿತ್ತು.

"ಇಲ್ಲಪ್ಪ, ಹೇಳಲ್ಲ. ಆ ಕುರ್ಚಿ ನಂಗೆ ಬೇಡ."