ಇಲಿಯ ನಿಲುವಂಗಿ

"ಬಗ್ಗೋಕಾಗಲ್ಲ ಅಂದ್ರೆ ಕೂತ್ಕೊಳಿ ಮೇಷ್ಟ್ರೇ. ನಿಂತ್ಕೊಂಡು ನೋಡೋರಿಗೆ ಇದು ಕಾಣೋದಿಲ್ಲ," ಎಂದಳು ಥರ್ಜಾ.

ಎಂಬತ್ತೆರಡು ದಾಟಿದ್ದ ಪೆಂಬರ್ಟನ್ ಮೇಷ್ಟ್ರು ಕೋಲನ್ನು ಮರಕ್ಕೆ ಒರಗಿಸಿ, ಅವಳ ಹೆಗಲು ಹಿಡಿದು, ಒದ್ದೆ ತರಗೆಲೆಗಳ ಮೇಲೆ ನಿಧಾನವಾಗಿ ಮಂಡಿಯೂರಿದರು. ಡರ್ಬಿಶೈರ್‌ನ ಆ ಕಾಡಿನಲ್ಲಿ ಮರಗಳು ಇನ್ನೂ ಚಿಗುರಿರಲಿಲ್ಲ. ಮೇಲೆ ನೆರಳು ಕವಿಯುವುದರೊಳಗೆ ಅರಳಿ ಮುಗಿಸಬೇಕೆಂಬ ಅವಸರದಲ್ಲಿ ನೆಲದ ಹೂಗಳು ಎದ್ದು ನಿಂತಿದ್ದವು.

ಮೇಷ್ಟ್ರು ನಲವತ್ತು ವರ್ಷಗಳಿಂದ ಊರಿನ ಕಾಡುಹೂಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಲ್ಯಾಟಿನ್ ಹೆಸರುಗಳೆಲ್ಲ ಸೇರಿದ್ದವು. ಊರವರು ಕರೆಯುತ್ತಿದ್ದ ಹೆಸರುಗಳ ಜಾಗ ಮಾತ್ರ ಖಾಲಿ. ಅವನ್ನು ಬಲ್ಲವರೆಲ್ಲ ಮಣ್ಣು ಸೇರಿ, ಈಗ ಉಳಿದವಳು ಅಂಚೆ ಹಂಚುವ ಥರ್ಜಾ ಒಬ್ಬಳೇ. ಹೋದ ವಾರ ಅವರೇ ಅವಳ ಬಾಗಿಲಿಗೆ ಬಂದು ಕೇಳಿದ್ದರು. ಜೊತೆಗೆ ಬರುತ್ತೇನೆ ಎಂದಿದ್ದಳು; ಹೇಳುತ್ತೇನೆ ಎಂದಿರಲಿಲ್ಲ.

ಕಾರಣವಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಮೇಷ್ಟ್ರು ತರಗತಿಯಲ್ಲಿ ಬಿಳಿಯ ಅನೆಮೊನಿ ಹೂವನ್ನು ಎತ್ತಿ ಹಿಡಿದು ಇದೇನೆಂದು ಕೇಳಿದ್ದರು. ಎಲ್ಲರಿಗಿಂತ ಮೊದಲು ಕೈಯೆತ್ತಿದ ಥರ್ಜಾ, ಅಮ್ಮ ಕರೆಯುತ್ತಿದ್ದಂತೆಯೇ, ಇಲಿಯ ನಿಲುವಂಗಿ ಎಂದಳು. ಅಳತೆ ಕೊಟ್ಟ ಇಲಿ ಯಾವುದಮ್ಮಾ ಎಂದರು ಮೇಷ್ಟ್ರು. ತರಗತಿಗೆ ತರಗತಿಯೇ ನಕ್ಕಿತು. ಶಾಲೆ ಬಿಡುವವರೆಗೂ ಅವಳಿಗೆ ಇಲಿ ಎಂಬ ಹೆಸರೇ ಅಂಟಿಕೊಂಡಿತು. ಅದೇ ಶಾಲೆಯ ನೆಲ ಒರೆಸುತ್ತಿದ್ದ ಅಮ್ಮ ಅಂದು ಬಾಗಿಲಾಚೆ ಬಕೆಟ್ ಹಿಡಿದು ನಿಂತು ಆ ನಗುವನ್ನು ಕೇಳಿಸಿಕೊಂಡಿದ್ದಳು.

ಈಗ ಮೇಷ್ಟ್ರ ಮೂಗಿನ ಕೆಳಗೆ ಬಟಾಣಿಯಷ್ಟಿದ್ದ ಹಸಿರು ಹೂವೊಂದಿತ್ತು.

"ಅಡೋಕ್ಸಾ," ಎಂದರು. "ಕೀರ್ತಿ ಇಲ್ಲದ್ದು ಅಂತ ಅರ್ಥ."

"ಹಾಗಂತ ಹೆಸರಿಟ್ಟೋನು ಮಂಡಿ ಊರಿರಲಿಲ್ಲ ಬಿಡಿ. ಮುಖ ಎಷ್ಟಿವೆ ಎಣಿಸಿ."

ಭೂತಗನ್ನಡಿ ಹಿಡಿದು ಎಣಿಸಿದರು. ನಾಲ್ಕು ದಿಕ್ಕಿಗೆ ನಾಲ್ಕು, ಆಕಾಶಕ್ಕೊಂದು. ಪುರಭವನದ ಗಡಿಯಾರ ಎಂಬ ಹೆಸರು ಪುಸ್ತಕಗಳಲ್ಲಿದೆ, ಆದರೆ ಮೇಲಿನ ಮುಖ ಯಾರಿಗೆಂದು ಯಾರೂ ಬರೆದಿಲ್ಲ ಎಂದರು.

"ದೇವರಿಗೆ. ಯಾವಾಗ್ಲೂ ತಡವಾಗಿ ಬರೋನು ಅವನೊಬ್ಬನೇ ಅಂತಿದ್ಲು ಅಮ್ಮ."

ಮೇಷ್ಟ್ರು ನಕ್ಕರು. ಮರುಕ್ಷಣವೇ ನಗು ನಿಲ್ಲಿಸಿ ಭೂತಗನ್ನಡಿಯನ್ನು ಕೆಳಗಿಟ್ಟರು.

"ಅನೆಮೊನಿ ಪುಟದಲ್ಲೂ ಜಾಗ ಬಿಟ್ಟಿದ್ದೀನಿ ಥರ್ಜಾ. ನಂಗೆ ನೆನಪಿಲ್ಲ ಅಂತಲ್ಲ. ನೀನೇ ಹೇಳ್ಬೇಕು."

ಮರಕ್ಕೆ ಒರಗಿಸಿದ್ದ ಕೋಲನ್ನು ಅವಳು ನೆಟ್ಟಗೆ ನಿಲ್ಲಿಸಿದಳು. ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು.

"ಎಲ್ಲಾ ಹೇಳ್ತೀನಿ. ಆದ್ರೆ ಪ್ರತಿ ಹೆಸರಿನ ಮುಂದೆ ಅದನ್ನ ಕೊಟ್ಟೋರು ಯಾರು ಅಂತ ಬರೀಬೇಕು. ನನ್ನ ಹೆಸರಲ್ಲ, ಅಮ್ಮಂದು. ಕೆಜಾಯಾ ಬ್ಯಾಗ್‌ಶಾ ಅಂತ."

ಮೇಷ್ಟ್ರು ತಲೆಯಾಡಿಸಿದರು. "ಲ್ಯಾಟಿನ್ ಹೆಸರಿನ ಮುಂದೆ ಅದನ್ನ ಇಟ್ಟೋರ ಹೆಸರು ಹಾಕ್ತೀವಿ. ಅದೇ ಪದ್ಧತಿ. ನಿಮ್ಮಮ್ಮಂಗೂ ಅದೇ."

ಟಿಪ್ಪಣಿ ಪುಸ್ತಕ ತೆರೆದರು. ಅನೆಮೊನಿಯ ಪುಟ ಹುಡುಕಿ, ಖಾಲಿ ಜಾಗದ ಮೇಲೆ ಪೆನ್ಸಿಲ್ ಇಟ್ಟು ತಡೆದರು. ಕೊನೆಗೆ ಪೆನ್ಸಿಲನ್ನು ಅವಳ ಕಡೆ ಚಾಚಿದರು.

ಥರ್ಜಾ ಅವರೆದುರು ಮಂಡಿಯೂರಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಲ್ಯಾಟಿನ್ ಸಾಲಿನ ಪಕ್ಕದಲ್ಲೇ ಒಂದೊಂದೇ ಅಕ್ಷರವನ್ನು ದಪ್ಪಗೆ ಬರೆಯತೊಡಗಿದಳು. ಹೂವಿನ ಹೆಸರಿನ ಮುಂದೆ ಅಮ್ಮನ ಹೆಸರು ಗೆರೆ ದಾಟಿ ಪುಟದ ಅಂಚಿನವರೆಗೂ ಹೋಯಿತು. ಅವಳು ಮುಗಿಸುವವರೆಗೂ ಮೇಷ್ಟ್ರು, ಹಾಳೆ ಗಾಳಿಗೆ ಮಗುಚದಂತೆ, ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಿದ್ದರು.