ತೆತ್ತಿಯಸನ ಇಮಾಗೋ

ನಾಲ್ಕು ವರ್ಷದಿಂದ ಆಂದ್ರಿಕನಿಗೆ ಒಂದೇ ಕೆಲಸ: ಮುದುಕ ತೆತ್ತಿಯಸನನ್ನು ನೋಡುತ್ತ ಕೂರುವುದು. ತೆತ್ತಿಯಸ್ ಒಂದು ಕಾಲಕ್ಕೆ ರೋಮಿನ ನ್ಯಾಯಾಧಿಪತಿ. ಅವನ ಮುಖದ ಮೇಣದ ಅಚ್ಚು, ಇಮಾಗೋ, ಆಗಲೇ ತಯಾರಾಗಿ ಹಜಾರದ ಗೂಡು ಸೇರಿತ್ತು. ಅವನು ಸತ್ತ ದಿನ ಅದನ್ನು ತೊಟ್ಟು, ಥೇಟ್ ಅವನಂತೆಯೇ ನಡೆಯುತ್ತ ಹೆಣದ ಮುಂದೆ ಹೋಗಲು ಮಗಳು ತೆತ್ತಿಯಾ ಈ ಹಳೇ ನಟನನ್ನು ಗೊತ್ತುಮಾಡಿದ್ದಳು. ಮುದುಕ ಮಾತ್ರ ಸಾಯುತ್ತಿರಲಿಲ್ಲ.

"ಬಂದ್ಯೇನಯ್ಯಾ? ಇವತ್ತೂ ಇದೀನಿ ನೋಡು," ಎಂದು ಮುದುಕ ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ಇರಿ ಬುದ್ಧಿ, ನಂಗೇನವಸರ."

"ಮುಖವಾಡನೂ ಇಮಾಗೋ, ಸತ್ತೋನ ನೆರಳೂ ಇಮಾಗೋ, ಬೆಟ್ಟದಲ್ಲಿ ಕೂಗಿದ್ರೆ ವಾಪಸ್ ಬರೋ ದನಿನೂ ಇಮಾಗೋ. ಇದ್ರಲ್ಲಿ ನೀನ್ಯಾವುದೋ?"

"ನಾನು ಮಂಡಿನೋವಿನೋನು ಬುದ್ಧಿ."

ಇಬ್ಬರೂ ನಗುತ್ತಿದ್ದರು. ಆಮೇಲೆ ಇಬ್ಬರಿಗೂ ತೂಕಡಿಕೆ.

ಒಂದು ದಿನ ಮುದುಕ, "ನಾನು ಹೆಂಗೆ ನಡೀತೀನಿ, ತೋರ್ಸು," ಎಂದ. ಆಂದ್ರಿಕ ತೆತ್ತಿಯಾ ಹೇಳಿಕೊಟ್ಟಂತೆ ಎದೆಯುಬ್ಬಿಸಿ ನಡೆದ.

"ಅದ್ಯಾರೋ ಅವ್ನು? ಸರಿಯಾಗಿ ತೋರ್ಸು."

ಆಂದ್ರಿಕ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟ. ಎಲ್ಲಿಗೆ ಹೊರಟೆ ಎಂಬುದೇ ಮರೆತಂತೆ ನಿಂತ.

"ಹೌದು," ಎಂದ ಮುದುಕ. "ಅಷ್ಟು ದಣಿದಿದೀನಿ."

ಅಂಜೂರದ ಕಾಲದಲ್ಲಿ ಅವನು ತೀರಿಕೊಂಡ. ಮೆರವಣಿಗೆಗೆ ಮುಂಚೆ ತೆತ್ತಿಯಾ, "ನೆಟ್ಟಗೆ ನಡಿ. ಊರೆಲ್ಲ ನೋಡತ್ತೆ," ಎಂದು ಎಚ್ಚರಿಸಿದಳು. ಆಂದ್ರಿಕ ನೆಟ್ಟಗೇ ನಡೆದ. ಮೇಣದ ಒಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಕಲ್ಲುಹಾಸಿನ ಏರಿನಲ್ಲಿ ಅವನ ಮಂಡಿ ಕೈಕೊಟ್ಟಿತು. ಗೋಡೆ ಹಿಡಿದು ನಿಂತುಬಿಟ್ಟ. ಕೊಳಲಿನವರು ಊದುವುದನ್ನು ನಿಲ್ಲಿಸಿದರು.

ಬೈಗುಳಕ್ಕೆ ಕಾಯುತ್ತಿದ್ದವನ ತೋಳನ್ನು ಯಾರೋ ಹಿಡಿದರು. ತೆತ್ತಿಯಾ.

"ನಿಧಾನ ಅಪ್ಪಾ, ಕಲ್ಲಿದೆ," ಎಂದಳು. ಚೌಕದವರೆಗೆ ಅವನ ತೋಳು ಬಿಡಲಿಲ್ಲ.

ಚಿತೆಗೆ ಬೆಂಕಿಯಿಟ್ಟು ಬಂದಮೇಲೆ ಆಂದ್ರಿಕ ಮುಖವಾಡ ತೆಗೆದು ಅವಳಿಗೆ ಒಪ್ಪಿಸಿದ. ಅವಳೇ ನೀರು ತಂದುಕೊಟ್ಟಳು.

"ನಾಲ್ಕು ವರ್ಷ ನೀನು ಅಪ್ಪನ ಜೊತೇಲಿದ್ದೆ. ನನ್ನ ವಿಷಯ ಏನಾದ್ರೂ ಅಂದಿದ್ರಾ?"

ನಟನಿಗೆ ಒಂದು ಸುಳ್ಳು ಕಷ್ಟವಲ್ಲ. ಆದರೆ ಆ ಹೊತ್ತಿಗೆ ಅವನಲ್ಲಿ ಅದಕ್ಕೂ ಕಸುವಿರಲಿಲ್ಲ.

"ಇಲ್ಲ ಅಮ್ಮಾವ್ರೇ. ದಣಿದಿದೀನಿ ಅಂದಿದ್ರು, ಅಷ್ಟೇ."

ಅವಳು ತಲೆಯಾಡಿಸಿ ಅವನ ಪಕ್ಕ ಜಗಲಿಯ ಮೇಲೆ ಕೂತಳು. ಬಹಳ ಹೊತ್ತು ಇಬ್ಬರೂ ಏಳಲಿಲ್ಲ.