ದಕ್ಷಿಣದ ಡೆಕ್ಕು

ಸಬ್ಬಕ್ಕಿ ಸಂಡಿಗೆ ಒಣಗಲಿಲ್ಲ. ಇದನ್ನು ಸಕಲ ಗಾಂಭೀರ್ಯದೊಂದಿಗೆ ದಾಖಲಿಸಬೇಕಾಗಿದೆ. ರಾಜ್ಯಗಳು ಉರುಳಿದ್ದನ್ನು ಬರೆದಿಡಲು ಬೇಕಾದಷ್ಟು ಜನರಿದ್ದಾರೆ; ೨೦೧೫ರ ಯುಗಾದಿಯ ಹಿಂದಿನ ವಾರ, ನ್ಯೂಜಿಲೆಂಡಿನ ಕ್ಯಾಂಟರ್ಬರಿ ಬಯಲಿನ ಹಾರ್ಲಿ ಫ್ಲ್ಯಾಟ್ ಎಂಬ ಸಣ್ಣ ಊರಿನಲ್ಲಿ, ವಸಂತಾ ತನ್ನ ಮನೆಯ ಹಿಂದಿನ ಡೆಕ್ಕಿನ, ಅಂದರೆ ಮರದ ಹಲಗೆಯ ಜಗಲಿಯ ಮೇಲೆ ಇಟ್ಟ ಸಂಡಿಗೆ ದಿನಗಟ್ಟಲೆ ಕಾದರೂ ಪ್ಲಾಸ್ಟಿಕ್ ಹಾಳೆ ಬಿಟ್ಟು ಏಳಲಿಲ್ಲ ಎಂಬುದನ್ನು ಬರೆಯುವವರು ಯಾರೂ ಇರಲಿಲ್ಲ.

ಮೋಡವಿರಲಿಲ್ಲ, ಮಳೆಯಿರಲಿಲ್ಲ. ಊರ ತುಂಬ ಬಿಸಿಲಿತ್ತು. ಪಕ್ಕದ ಮನೆಯ ಬೆವ್ ತಂತಿಗೆ ಹಾಕಿದ ಹಾಸಿಗೆ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತಿತ್ತು. ಡೆಕ್ಕಿನ ಮೇಲೆ ಮಾತ್ರ ಮನೆಯ ನೆರಳು ಬೆಳಗಿನಿಂದ ಸಂಜೆಯವರೆಗೆ ಕದಲದೆ ಕೂತಿತ್ತು.

"ಇಲ್ಲಿಗೆ ಬಿಸ್ಲೇ ಬರಲ್ಲ, ಕಣ್ರೀ," ಎಂದಳು ವಸಂತಾ.

"ಬರ್ತೈತೆ. ಇವತ್ತು ಬಂದಿಲ್ಲ ಅಷ್ಟೆ," ಎಂದ ಅವಳ ಗಂಡ ತಿಪ್ಪೇಸ್ವಾಮಿ.

ತಿಪ್ಪೇಸ್ವಾಮಿ ಊರಾಚೆಯ ಹಾಲಿನ ಪುಡಿಯ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಚಳ್ಳಕೆರೆಯವನು. ದಿಗಂತದವರೆಗೆ ಹುಲ್ಲು, ನಡುವೆ ಗಾಳಿ, ಮಧ್ಯೆ ತಲೆ ತಗ್ಗಿಸಿ ಮೇಯುವ ದನ: ಇಂಥ ಕಾವಲು ಭೂಮಿಯಲ್ಲಿ ಹುಟ್ಟಿ ಬೆಳೆದವನಿಗೆ ಬಯಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಅವನ ನಂಬಿಕೆ. ಹಿಂದೆ ಇದ್ದ ಆಕ್ಲೆಂಡಿನ ಆಲ್ಬನಿ ಬಡಾವಣೆಯ ಗೆಳೆಯರು ಫೋನ್ ಮಾಡಿ "ಏನಯ್ಯಾ, ಆಕ್ಲೆಂಡ್ ಬಿಟ್ಟು ಕುರಿ ಕಾಯೋಕೆ ಹೋದ್ಯಾ?" ಎಂದು ಕಾಡಿದರೆ, "ಇದು ನಮ್ಮೂರೇ ಕಣ್ರಪ್ಪಾ, ನೀರಾವರಿ ಮಾಡೌರೆ ಅಷ್ಟೆ" ಎನ್ನುತ್ತಿದ್ದ.

ಮನೆಯನ್ನೂ ಅದೇ ಧೈರ್ಯದಲ್ಲಿ ಕೊಂಡದ್ದು. ಚಳಿಗಾಲದ ಬಿಸಿಲು ತೆಂಕಣದಿಂದ ಬರುತ್ತದೆ ಎಂಬುದು ಚಳ್ಳಕೆರೆಯಲ್ಲಿ ಜಗಲಿ ಮೇಲೆ ಕೂತು ಬೆನ್ನು ಕಾಯಿಸಿಕೊಂಡ ಪ್ರತಿಯೊಬ್ಬನ ಬೆನ್ನಿಗೂ ಗೊತ್ತಿರುವ ವಿಷಯ. ಹಾರ್ಲಿ ಫ್ಲ್ಯಾಟಿನ ಈ ಮನೆಗೆ ದೊಡ್ಡ ಹಾಲು, ಅಡಿಗೆಮನೆ, ಗಾಜಿನ ಬಾಗಿಲು, ಡೆಕ್ಕು ಎಲ್ಲವೂ ದಕ್ಷಿಣಕ್ಕೆ. ಮಲಗುವ ಕೋಣೆ ಮಾತ್ರ ಉತ್ತರಕ್ಕೆ, ರಸ್ತೆಯ ಕಡೆ. ಭೂಮಧ್ಯರೇಖೆಯ ಈ ಕಡೆ ಬಿಸಿಲು ಬರುವುದು ಉತ್ತರದಿಂದ. ಗ್ಲೋಬು ತಿರುಗಿಸಿ ನೋಡಿದರೆ ಮಗುವಿಗೂ ಹೊಳೆಯುವ ಈ ಸಂಗತಿ ಎಂಜಿನಿಯರನಿಗೆ ಹೊಳೆಯಲಿಲ್ಲವೇ ಎಂದು ಕೇಳಬಹುದು. ಹೊಳೆದಿತ್ತು. ಆದರೆ ಮನೆ ನೋಡಲು ಹೋದದ್ದು ಡಿಸೆಂಬರಿನ ಒಂದು ಸಂಜೆ, ಕೆಲಸ ಮುಗಿಸಿಕೊಂಡು. ಆ ತಿಂಗಳಲ್ಲಿ, ಸಂಜೆಯ ಹೊತ್ತು ಮಾತ್ರ, ಇಲ್ಲಿಯ ಸೂರ್ಯ ತೆಂಕಣಕ್ಕೆ ಓರೆಯಾಗಿ ಇಳಿಯುತ್ತಾನೆ. ಡೆಕ್ಕಿನ ತುಂಬ ಜೇನಿನಂಥ ಬಿಸಿಲು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣು ಸುಳ್ಳು ಮಾಡಿತು. ತನ್ನೂರೇ ಸರಿಯೆಂದು ಆ ಹೊತ್ತಿಗೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ನಿಂತು ಮನೆ ಮೆಚ್ಚಿಬಿಟ್ಟ.

ವಸಂತಾ ಮೈಸೂರಿನವಳು. ಹವೆ ಎಂದರೆ ಸ್ವೆಟರ್ ಬೇಕೋ ಬೇಡವೋ ಎಂಬಷ್ಟೇ ಚರ್ಚೆಯಿರುವ ಊರು. ಇಲ್ಲಿ ಅವಳು ವೃದ್ಧರ ರೆಸ್ಟ್‌ಹೋಮಿನಲ್ಲಿ ನರ್ಸು. ಬಂದಾಗಲೇ ಗಂಡನಿಗೆ ಹೇಳಿದ್ದಳು: "ಒಂದು ವರ್ಷದ ಹವಾ ನೋಡ್ತೀನಿ. ಆಮೇಲೆ ಇರೋದೋ ಹೋಗೋದೋ ಹೇಳ್ತೀನಿ." ಅವನು ನಕ್ಕು ಒಪ್ಪಿದ್ದ.

ಹವೆ ತನ್ನ ಪಾಡಿಗೆ ತಾನು ಹಾಜರಿ ಹಾಕುತ್ತ ಹೋಯಿತು. ಜನವರಿಯಲ್ಲಿ ಪಶ್ಚಿಮದ ಬೆಟ್ಟಸಾಲಿನ ಮೇಲೆ ಮೋಡದ ಕಮಾನು ಕಟ್ಟಿ, ಅದರಡಿಯಿಂದ ನಾರ್ವೆಸ್ಟರ್ ಬೀಸುತ್ತಿತ್ತು. ಒಲೆಯ ಬಾಯಿಯಿಂದ ಬಂದಂಥ ವಾಯವ್ಯದ ಗಾಳಿ. ತೊಳೆದ ಬಟ್ಟೆ ಹಾಕುವಷ್ಟರಲ್ಲಿ ಒಣಗುತ್ತಿತ್ತು, ರೆಸ್ಟ್‌ಹೋಮಿನ ಮುದುಕರೆಲ್ಲ ಒಟ್ಟಿಗೆ ಜಗಳಗಂಟರಾಗುತ್ತಿದ್ದರು. ಮರುಗಳಿಗೆಯಲ್ಲಿ ಗಾಳಿ ತಿರುಗಿ ದಕ್ಷಿಣದಿಂದ ಸದರ್ಲಿ ನುಗ್ಗಿದರೆ, ಬೆಳಿಗ್ಗೆ ತೋಳಿಲ್ಲದ ಅಂಗಿ ತೊಟ್ಟವರು ಸಂಜೆಗೆ ಕೋಟು ಹುಡುಕಬೇಕು. ಫೆಬ್ರವರಿಗೆ ನೀರು ಹಾಯಿಸದ ಹುಲ್ಲೆಲ್ಲ ಸುಟ್ಟ ರೊಟ್ಟಿಯ ಬಣ್ಣ. ಮುಚ್ಚಿದ ಪರದೆಯ ಹಿಂದೆ ಉತ್ತರದ ಮಲಗುವ ಕೋಣೆ ಕುದಿಯಿತು.

"ನೋಡು, ಥೇಟ್ ಚಳ್ಳಕೆರೆ," ಎಂದ ತಿಪ್ಪೇಸ್ವಾಮಿ ಬೆವರೊರೆಸುತ್ತ.

ಮಾರ್ಚಿನಲ್ಲಿ ಸಂಡಿಗೆ ಸೋತಿತು. ಊರಿನಲ್ಲಿ ಯುಗಾದಿಗೆ ಮುಂಚೆ ಸಂಡಿಗೆಯಿಟ್ಟರೆ ಮುಂದೆ ಬಿಸಿಲು ಏರುತ್ತದೆ, ಇಲ್ಲಿ ಇಳಿಯುತ್ತದೆ. ಸರಿಯಾಗಿ ಆ ವಾರವೇ ಸೂರ್ಯ ದಕ್ಷಿಣದ ಡೆಕ್ಕಿಗೆ ಬೆನ್ನು ತಿರುಗಿಸಿದ್ದ. ವಸಂತಾಗೆ ವಿಷಯ ಅರ್ಥವಾದದ್ದು ಆಗಲೇ. ಹಸಿ ಸಂಡಿಗೆಯನ್ನು ಕೆರೆದು ಕಸಕ್ಕೆ ಹಾಕುತ್ತಿದ್ದಾಗ ಬೇಲಿಯ ಮೇಲಿಂದ ಬೆವ್ ಇಣುಕಿದಳು. ಎಪ್ಪತ್ತು ದಾಟಿದ ಹೆಂಗಸು, ಹಿಂದೆ ಕುರಿ ಫಾರ್ಮ್ ನಡೆಸಿದವಳು. ಮನೆ ಮಾರಾಟಕ್ಕಿದ್ದಾಗಿನಿಂದ ಅವಳಿಗೆ ಎಲ್ಲ ಗೊತ್ತು. ಆದರೆ ಈ ಬಯಲಿನಲ್ಲಿ ಯಾರೂ ಯಾರಿಗೂ ನಿಮ್ಮದು ತಪ್ಪು ಎನ್ನುವುದಿಲ್ಲ. ಹವೆಯ ಬಗ್ಗೆ ಮಾತನಾಡುತ್ತಾರೆ.

"ನಿಮ್ಮ ಮನೆ ಬೇಸಿಗೇಲಿ ಬಹಳ ತಂಪಾಗಿರುತ್ತೆ, ಅಲ್ವಾ?" ಎಂದಳು ಬೆವ್, ತನ್ನ ಇಂಗ್ಲಿಷಿನಲ್ಲಿ.

"ಚಳಿಗಾಲದಲ್ಲಿ?" ಎಂದಳು ವಸಂತಾ.

ಬೆವ್ ಆಕಾಶ ನೋಡಿದಳು. "ಹಿಂದಿದ್ದವರು ಸಾಕಷ್ಟು ಸೌದೆ ಇಡ್ತಿದ್ರು."

ಏಪ್ರಿಲ್ ಚಿನ್ನದಂತೆ ಕಳೆಯಿತು, ಗಾಳಿಯಿಲ್ಲದೆ, ಪಾಪ್ಲರ್ ಮರಗಳು ಹಳದಿಯಾಗಿ. ಮೇ ತಿಂಗಳಲ್ಲಿ ಪೂರ್ವದಿಂದ ಜಿನುಗುಮಳೆ ಹಿಡಿಯಿತು. ಜೂನಿನಲ್ಲಿ ಇಬ್ಬನಿ ಹೆಪ್ಪುಗಟ್ಟುವ ಹಿಮ. ಬೆಳಿಗ್ಗೆ ಬಯಲೆಲ್ಲ ಬೆಳ್ಳಗೆ. ಹತ್ತು ಗಂಟೆಗೆ ಊರ ಉಳಿದ ಅಂಗಳಗಳು ಹಸಿರಾಗುತ್ತಿದ್ದವು, ಅವರ ಡೆಕ್ಕು ಮಾತ್ರ ಸಂಜೆಯವರೆಗೂ ಬೂದಿ ಬಳಿದುಕೊಂಡು ತಪಸ್ಸಿಗೆ ಕೂತಂತಿರುತ್ತಿತ್ತು. ಅಡಿಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಕಲ್ಲು. ಇಡ್ಲಿ ಹಿಟ್ಟು ಹುದುಗು ಬರುವುದನ್ನೇ ಮರೆತಿತ್ತು.

"ಈ ಹಾಲಲ್ಲಿ ಕೂರೋಕಾಗ್ತಿಲ್ಲ ಕಣ್ರೀ."

"ಹೊರಗೆ ಹನ್ನೊಂದು ಡಿಗ್ರಿ ಐತೆ. ಚಳಿ ಎಲ್ಲೈತೆ? ಜರ್ಸಿ ಹಾಕ್ಕೋ."

ಹನ್ನೊಂದು ಡಿಗ್ರಿ ಎಂದು ಹೇಳಿದ್ದು ಅವನು ತೂಗುಹಾಕಿದ್ದ ಥರ್ಮಾಮೀಟರ್. ತೂಗುಹಾಕಿದ್ದು ಮುಂದುಗಡೆ, ಲೆಟರ್‌ಬಾಕ್ಸ್ ಪಕ್ಕದ, ದಿನವಿಡೀ ಬಿಸಿಲು ಬೀಳುವ ಉತ್ತರದ ಗೋಡೆಗೆ.

ಜುಲೈಯಲ್ಲಿ ಉತ್ತರ ದ್ವೀಪದ ಹ್ಯಾಮಿಲ್ಟನ್ನಿನಿಂದ ತಾರಾ ಫೋನ್ ಮಾಡಿದಳು. ವಸಂತಾಳ ಜೊತೆ ಓದಿದವಳು, ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. "ನಮ್ಮ ವಾರ್ಡಲ್ಲಿ ಜಾಗ ಇದೆ ಕಣೇ. ನಿಂಗೇಂತ ಹೇಳಿಟ್ಟಿದೀನಿ. ಇಲ್ಲಿ ಮಂಜು, ಮಳೆ. ನಿಮ್ಮ ಥರ ಮೂಳೆ ಒಡೆಯೋ ಚಳಿ ಇಲ್ಲ. ವಾರಕ್ಕೊಬ್ಬ ಕನ್ನಡದವರ ಮನೇಲಿ ಬಿಸಿಬೇಳೆಬಾತು." ಸಂದರ್ಶನ ಫೋನಿನಲ್ಲೇ ಆಯಿತು. ಕೆಲಸವೂ ಆಯಿತು. ಆಗಸ್ಟ್ ಕೊನೆಯ ಸೋಮವಾರ ಹೌದೋ ಅಲ್ಲವೋ ಹೇಳಬೇಕಿತ್ತು.

ತಿಪ್ಪೇಸ್ವಾಮಿ ಬೇಡ ಎನ್ನಲಿಲ್ಲ. "ನಿಂಗೆ ಚಳಿ ಅನ್ಸಿದ್ರೆ ಹೋಗಾಣ," ಎಂದ.

ಆ 'ಅನ್ಸಿದ್ರೆ' ವಸಂತಾಳ ಗಂಟಲಲ್ಲಿ ಮೀನಿನ ಮುಳ್ಳಾಯಿತು. ಊರು ಅವಳಿಗೆ ಬೇಡವಾಗಿರಲಿಲ್ಲ. ಮೈನಸ್ ನಾಲ್ಕರಲ್ಲಿ "ಸ್ವಲ್ಪ ಫ್ರೆಶ್ ಇದೆ" ಎನ್ನುವ ಮುದುಕರು, ಗಾಳಿಯ ವಾಸನೆ ಹಿಡಿದು ಬಟ್ಟೆ ಒಳಗೆ ತರುವ ಬೆವ್, ಸಂಜೆ ಬೆಟ್ಟಸಾಲು ನೀಲಿಯಾಗುವ ಹೊತ್ತು, ಇವುಗಳಿಗೆ ಅವಳು ಒಗ್ಗಿದ್ದಳು, ತನಗೇ ತಿಳಿಯದೆ. ಚಳಿಯನ್ನೂ ತಡೆಯಬಹುದಿತ್ತು. ತಡೆಯಲಾಗದ್ದು, ಮನೆಯೊಳಗೆ ಬಾಯಿಂದ ಹೊಗೆ ಬರುವಾಗ ಎದುರಿಗೆ ಕೂತವನು ಚಳಿ ಎಲ್ಲಿದೆ ಎಂದು ಕೇಳುವುದು. ಇನ್ನೆಷ್ಟು ವರ್ಷ ತನ್ನ ಮೈಗೆ ಗೊತ್ತಾದದ್ದನ್ನು ಗೋಡೆಯ ಮೇಲಿನ ಪಾದರಸಕ್ಕೆ ತೋರಿಸಿ ರುಜು ಹಾಕಿಸಿಕೊಳ್ಳಬೇಕು? ಹ್ಯಾಮಿಲ್ಟನ್ನಿಗೆ ಹೋದರೂ ಅವನು ಜೊತೆಗೇ ಬರುತ್ತಾನಲ್ಲ ಎಂಬುದೂ ಅವಳಿಗೆ ಹೊಳೆಯದೆ ಇರಲಿಲ್ಲ.

ಆ ಸೋಮವಾರದ ಹಿಂದಿನ ಶನಿವಾರ, ಋತುವಿಗೆ ಮುಂಚೆಯೇ ನಾರ್ವೆಸ್ಟರ್ ಎದ್ದಿತು. ವಸಂತಾ ಬೆಳಿಗ್ಗೆಯೇ ಸಬ್ಬಕ್ಕಿ ಬೇಯಿಸಿ, ಜೀರಿಗೆ, ಹಸಿಮೆಣಸು, ಉಪ್ಪು ಹಾಕಿ ಗಂಜಿ ಮಾಡಿದಳು. ಅರ್ಧವನ್ನು ಡೆಕ್ಕಿನ ಮೇಲೆ ಹಾಳೆ ಹಾಸಿ ಚಮಚದಿಂದ ಬಿಟ್ಟಳು. ಉಳಿದರ್ಧವನ್ನು ಮುಂದುಗಡೆ, ಲೆಟರ್‌ಬಾಕ್ಸಿಗೂ ಕಸದ ಡಬ್ಬಕ್ಕೂ ನಡುವೆ, ಮಡಚುವ ಮೇಜಿನ ಮೇಲೆ, ಥರ್ಮಾಮೀಟರಿನ ಕೆಳಗೇ. ಹಾರಿಹೋಗದಂತೆ ಹಳೆಯ ಸೊಳ್ಳೆಪರದೆ ಹೊದಿಸಿ ಸುತ್ತ ಕಲ್ಲು ಹೇರಿದಳು. ನಾಯಿ ಸುತ್ತಾಡಿಸಲು ಬಂದ ಬೆವ್ ನಿಂತು ನೋಡಿದಳು.

"ಇದೇನು, ಅಂಗಿ ಗುಂಡಿಗಳಾ?"

"ತಿನ್ನೋದು. ಒಣಗಬೇಕು."

"ಈ ಪಕ್ಕ ಒಣಗುತ್ತೆ," ಎಂದಳು ಬೆವ್. ಆ ಪಕ್ಕದ ವಿಷಯ ಎತ್ತಲಿಲ್ಲ.

ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದ ತಿಪ್ಪೇಸ್ವಾಮಿ ಕಾರಿನಿಂದ ಇಳಿದವನೇ ಮೇಜಿನ ಮುಂದೆ ನಿಂತ. ಪರದೆಯೆತ್ತಿ ಒಂದು ಸಂಡಿಗೆ ತೆಗೆದ. ಅಂಚು ಸುರುಟಿ ಹಾಳೆ ಬಿಟ್ಟು ಎದ್ದಿತ್ತು. ಮುರಿದ, ಟಕ್ಕೆಂದಿತು. ಮನೆ ಬಳಸಿ ಹಿಂದಕ್ಕೆ ಹೋದ. ಅಲ್ಲಿ ಗಾಳಿಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಬೆರಳಿಟ್ಟರೆ ಗಂಜಿ ಬೆರಳಿಗೆ ಹತ್ತಿ ಬಂತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡ. ವಸಂತಾ ಗಾಜಿನ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ಬೆವ್ ಕೂಗಿದಳು: "ಚೇಂಜ್ ಬರ್ತಿದೆ, ಸದರ್ಲಿ!"

ತೆಂಕಣದ ದಿಗಂತದಲ್ಲಿ ಕಪ್ಪು ಗೆರೆ. ಗಾಳಿ ಒಮ್ಮೆಲೇ ನಿಂತಿತು, ಎಲ್ಲ ಮರಗಳೂ ಏನೋ ಮರೆತವರಂತೆ ನಿಂತವು, ಆಮೇಲೆ ಡೆಕ್ಕಿನ ಕಡೆಯಿಂದ ಐಸಿನಂಥ ಗಾಳಿ ಬಂದು ಮನೆಗೆ ಗುದ್ದಿತು. ಗಂಡ ಹೆಂಡತಿ ಇಬ್ಬರೂ ಮುಂದಕ್ಕೆ ಓಡಿದರು.

"ಕಲ್ಲು ತೆಗೀರಿ, ಕಲ್ಲು!"

"ತೆಗ್ದೆ. ಎತ್ತು! ಆ ಕಡೆ ಹಿಡಿ!"

"ಹಾಲಿಗೆ ಬೇಡ, ತೇವ ಆಗತ್ತೆ. ಮಲಗೋ ಕೋಣೆಗೆ!"

ಹಾಸಿಗೆಯ ಮೇಲೆ ಅವನ ಒಗೆದ ಪಂಚೆ ಹರಡಿ ಸಂಡಿಗೆ ಸುರಿದರು. ಸದಾ ಎಳೆದಿರುತ್ತಿದ್ದ ರಸ್ತೆಯ ಕಡೆಯ ಪರದೆಯನ್ನು ವಸಂತಾ ಅಂದು ಬೆಳಿಗ್ಗೆಯೇ ತೆರೆದಿಟ್ಟಿದ್ದಳು. ಬೆಳಗಿನಿಂದಲೂ ಬಿಸಿಲು ಕುಡಿದ ಕೋಣೆ ಬೆಚ್ಚಗಿತ್ತು. ಹೊರಗೆ ಆಲಿಕಲ್ಲು ಸಿಡಿಯತೊಡಗಿತು. ಕೂರಲು ಹಾಸಿಗೆಯಲ್ಲಿ ಜಾಗವಿರದೆ ಇಬ್ಬರೂ ನೆಲದ ಮೇಲೆ ಚಹಾ ಹಿಡಿದು ಕೂತರು.

"ಮನೆ ನೋಡಾಕೆ ಬಂದ ದಿನ ಡೆಕ್ ಮ್ಯಾಲೆ ಬಿಸ್ಲಿತ್ತು ಕಣೆ. ಕಣ್ಣಾರೆ ಕಂಡೆ."

"ನಾನೂ ಕಂಡೆ."

"ಆಮ್ಯಾಲೆ ಬರ್ಲಿಲ್ಲ."

"ಬರ್ಲಿಲ್ಲ."

"ನಿಂಗ್ಯಾವಾಗ ಗೊತ್ತಾತು?"

"ಯುಗಾದೀಲಿ."

"ಹೇಳ್ಬೇಕಿತ್ತು."

"ಹೇಳ್ದೆ. ಜರ್ಸಿ ಹಾಕ್ಕೋ ಅಂದ್ರಿ."

ತಿಪ್ಪೇಸ್ವಾಮಿ ಆಲಿಕಲ್ಲಿನ ಕಡೆ ನೋಡುತ್ತ ಚಹಾ ಮುಗಿಸಿದ. ಲೋಟ ಕೆಳಗಿಟ್ಟ.

"ನಂಗೂ ಚಳಿ ಆಗ್ತಿತ್ತು," ಎಂದ. "ಜೂನಿಂದ್ಲೂ. ಫ್ಯಾಕ್ಟರಿ ಬೆಚ್ಚಗೈತೆ, ಹೊತ್ತಿಗೆ ಮುಂಚೆ ಹೋಗ್ತಿದ್ದೆ, ನೋಡು, ಅದಕ್ಕೇಯ. ನಮ್ಮೂರಂಗೇ ಇರ್ಲಿ ಅಂತಿತ್ತು. ತಪ್ಪು ನಂದು."

ವಸಂತಾ ನಗಲಿಲ್ಲ. "ಲೋಟ ಕೊಡಿ," ಎಂದಳು. "ಇನ್ನೊಂದ್ ಸ್ವಲ್ಪ ಇದೆ."

ಭಾನುವಾರ ಅವನು ಮಂಚವನ್ನು ಬಿಚ್ಚಿ ಹಾಲಿಗೆ ಸಾಗಿಸಿದ, ಊಟದ ಮೇಜನ್ನೂ ಕುರ್ಚಿಗಳನ್ನೂ ಉತ್ತರದ ಕೋಣೆಗೆ ತಂದ. ಥರ್ಮಾಮೀಟರನ್ನು ಕಿತ್ತು ಡೆಕ್ಕಿನ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ. ಸೋಮವಾರ ವಸಂತಾ ಹ್ಯಾಮಿಲ್ಟನ್ನಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಸಂಡಿಗೆಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು.